ಐದೇ ಪರ್ಸೆಂಟ್ ಅಂತೀರಲ್ಲ, ಎಷ್ಟು ಸಲ?

ದಾಳ ಎಸೆದು ಪಾತ್ರಗಳ ಕಥೆ ಆಡುವ ರೋಲ್-ಪ್ಲೇಯಿಂಗ್ ಆಟಗಳಲ್ಲಿ ಆಟ ನಡೆಸುವ ಗೇಮ್ ಮಾಸ್ಟರ್‌ಗಳು ತಾವು ಬರೆದ ಹೌಸ್ ರೂಲ್‌ಗಳನ್ನು (ಪುಸ್ತಕದಲ್ಲಿಲ್ಲದ ಸ್ವಂತ ನಿಯಮಗಳನ್ನು) ಮುಂದಿಟ್ಟು "ಒಮ್ಮೆ ನೋಡಿ, ಸರಿಯಿದೆಯಾ" ಎಂದಾಗ ನನ್ನ ಕಣ್ಣು ಮೊದಲು ಹುಡುಕುವುದು ಒಂದೇ ಸಾಲನ್ನು: ಏಟಿನ ರೋಲ್‌ನಲ್ಲಿ, ಅಂದರೆ ಏಟು ತಾಗಿತೇ ಎಂದು ಇಪ್ಪತ್ತು ಮುಖದ ದಾಳ ಎಸೆದಾಗ, 1 ಬಿದ್ದರೆ ಫಂಬಲ್, ಅಂದರೆ ಎಡವಟ್ಟು. ಅದರ ಕೆಳಗೆ ಏನು ಎಡವಟ್ಟಾಯಿತು ಎಂದು ಹೇಳುವ ಒಂದು ಟೇಬಲ್ಲೂ ಇರುತ್ತದೆ. ಕತ್ತಿ ಕೈಜಾರಿತು, ಬಿಲ್ಲಿನ ಹೆದೆ ಕಿತ್ತುಹೋಯಿತು, ಪಕ್ಕದಲ್ಲಿದ್ದ ಜೊತೆಗಾರನಿಗೇ ಏಟು ಬಿತ್ತು, ನಿಮ್ಮ ಕಾಲನ್ನು ನೀವೇ ಕಡಿದುಕೊಂಡಿರಿ. ಇದು ಬೇಡ ಅಂದರೆ ಉತ್ತರ ಸಿದ್ಧವಾಗಿರುತ್ತದೆ: "ಇಪ್ಪತ್ತರಲ್ಲಿ ಒಂದು ಸಲ ತಾನೇ? ಐದೇ ಪರ್ಸೆಂಟ್."

ಆ ಐದು ಪರ್ಸೆಂಟ್ ಒಂದು ರೋಲ್‌ನ ಲೆಕ್ಕ. ಒಂದು ಟರ್ನ್‌ನದ್ದಲ್ಲ, ಒಂದು ಕಾಳಗದ್ದಲ್ಲ, ಒಬ್ಬ ಆಟಗಾರನದ್ದಂತೂ ಅಲ್ಲವೇ ಅಲ್ಲ. ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ, ಹಾಗಾಗಿ ಬಿಡಿಸಿಯೇ ಬರೆಯುತ್ತೇನೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ಫೈಟರ್‌ನನ್ನು, ಅಂದರೆ ಯೋಧನ ಪಾತ್ರವನ್ನು, ತೆಗೆದುಕೊಳ್ಳಿ. 1ನೇ ಲೆವೆಲ್‌ನಲ್ಲಿ ಅವನಿಗೆ ಟರ್ನ್‌ಗೆ ಒಂದು ಏಟು. 5ನೇ ಲೆವೆಲ್‌ಗೆ ಎರಡು, 11ಕ್ಕೆ ಮೂರು, 20ಕ್ಕೆ ನಾಲ್ಕು. ಒಂದು ಟರ್ನ್‌ನಲ್ಲಿ ಕನಿಷ್ಠ ಒಂದು 1 ಬೀಳುವ ಸಾಧ್ಯತೆ ಕ್ರಮವಾಗಿ 5, 9.75, 14.3, 18.5 ಪರ್ಸೆಂಟ್. ಕಾಳಗ ನಾಲ್ಕು ರೌಂಡ್ ನಡೆಯಿತು ಅನ್ನಿ, ರೌಂಡ್‌ಗೆ ಎಲ್ಲರಿಗೂ ಒಂದೊಂದು ಟರ್ನ್. ಮೊದಲ ಲೆವೆಲ್‌ನ ಹುಡುಗ ನಾಲ್ಕು ಸಲ ದಾಳ ಎಸೆಯುತ್ತಾನೆ, ಅವನು ಎಡವುವ ಸಾಧ್ಯತೆ 18.5 ಪರ್ಸೆಂಟ್. 20ನೇ ಲೆವೆಲ್‌ನ ವೀರ ಹದಿನಾರು ಸಲ ಎಸೆಯುತ್ತಾನೆ, ಅವನದು 56 ಪರ್ಸೆಂಟ್. ಅಂದರೆ ರಾಜ್ಯದಲ್ಲೇ ಅತಿ ಪಳಗಿದ ಕತ್ತಿವರಸೆಗಾರ ಎರಡು ಕಾಳಗಕ್ಕೊಮ್ಮೆಯಾದರೂ ಕತ್ತಿ ಬೀಳಿಸಿಕೊಳ್ಳುತ್ತಾನೆ, ನಿನ್ನೆ ಮೊನ್ನೆ ಕತ್ತಿ ಹಿಡಿದವನು ಐದಾರು ಕಾಳಗಕ್ಕೊಮ್ಮೆ. ಕಲಿತಷ್ಟೂ ಕೈ ನಡುಗಬೇಕು ಎಂಬ ನಿಯಮವನ್ನು ಯಾರೂ ಬೇಕೆಂದು ಬರೆಯುವುದಿಲ್ಲ. ಆದರೆ ಟೇಬಲ್ ಬರೆದವರು ಬರೆದಿರುವುದು ಅದನ್ನೇ.

ವಿಝರ್ಡ್‌ನ, ಅಂದರೆ ಮಂತ್ರವಾದಿಯ, ಕಡೆ ನೋಡಿ. ಅವನು ಫೈರ್‌ಬಾಲ್ ಎಸೆದರೆ ಇಪ್ಪತ್ತರ ದಾಳ ಉರುಳಿಸುವವರು ಎದುರಾಳಿಗಳಾದ ಎಂಟು ಗಾಬ್ಲಿನ್‌ಗಳು. ಸೇವಿಂಗ್ ಥ್ರೋ, ಅಂದರೆ ಪೆಟ್ಟು ತಗ್ಗಿಸಿಕೊಳ್ಳುವ ರೋಲ್, ಅವುಗಳ ತಲೆನೋವು. ವಿಝರ್ಡ್ ಏಟಿನ ರೋಲ್ ಎಸೆಯುವುದೇ ಇಲ್ಲ, ಪೆಟ್ಟಿನ ಲೆಕ್ಕಕ್ಕೆ ಮಾತ್ರ ದಾಳ ಮುಟ್ಟುತ್ತಾನೆ, ಆದ್ದರಿಂದ ಎಡವುವುದೂ ಇಲ್ಲ. ಮೊದಲೇ ಮೇಲುಗೈ ಇರುವವನಿಗೆ ಈ ನಿಯಮ ಇನ್ನೊಂದು ಉಡುಗೊರೆ. ಫೈಟರ್ ಆಡುವವರು ಸಾಮಾನ್ಯವಾಗಿ ಗೊಣಗುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ಪಾಪ, ಅದಕ್ಕೇ ಗೇಮ್ ಮಾಸ್ಟರ್‌ಗೆ ತನ್ನ ಟೇಬಲ್ ಭಾರೀ ಮಜಾ ಕೊಡುತ್ತಿದೆ ಅನ್ನಿಸುವುದು.

"ಶತ್ರುಗಳಿಗೂ ಇದೇ ನಿಯಮ" ಎಂಬ ಸಮಜಾಯಿಷಿಯೂ ಬರುತ್ತದೆ. ಗಾಬ್ಲಿನ್ ಬದುಕುವುದು ಎರಡು ಮೂರು ರೌಂಡ್. ಅದರ ಬಿಲ್ಲು ಮುರಿದರೆ ಯಾರಿಗೆ ನಷ್ಟ? ಆಟಗಾರನ ಪಾತ್ರ ಇಪ್ಪತ್ತು ಕಾಳಗ ನೋಡಿದರೆ, ಕಾಳಗಕ್ಕೆ ನಾಲ್ಕು ರೌಂಡ್, ರೌಂಡ್‌ಗೆ ಎರಡು ಏಟಿನಂತೆ 160 ರೋಲ್, ಸರಾಸರಿ ಎಂಟು ಫಂಬಲ್. ಬೆರಳು ಹೋಗುವುದು, ಮ್ಯಾಜಿಕ್ ಕತ್ತಿ ಮುರಿಯುವುದು ಇತ್ಯಾದಿ ಶಾಶ್ವತ ಪೆಟ್ಟುಗಳು ಟೇಬಲ್‌ನಲ್ಲಿದ್ದರೆ ಅವೆಲ್ಲ ಜಮೆಯಾಗುವುದು ಆಟಗಾರನ ಖಾತೆಗೇ.

ನಿಮ್ಮ ಟೇಬಲ್ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ, ಕಾಗದದ ಮೇಲೆ ಸಾಕು. ಹತ್ತು ಸಿಪಾಯಿಗಳನ್ನು ಹುಲ್ಲಿನ ಬೊಂಬೆಗಳ ಮುಂದೆ ನಿಲ್ಲಿಸಿ ಐದು ನಿಮಿಷ ಅಭ್ಯಾಸ ಮಾಡಿಸಿ. ರೌಂಡ್‌ಗೆ ಆರು ಸೆಕೆಂಡ್, ಆದ್ದರಿಂದ ತಲಾ 50 ಏಟು, ಒಟ್ಟು 500. ಸರಾಸರಿ 25 ಫಂಬಲ್. ಹತ್ತು ಸಾಲಿನ ಟೇಬಲ್‌ನಲ್ಲಿ "ನಿಮಗೇ ಗಾಯ" ಎಂಬುದು ಎರಡು ಸಾಲಿದ್ದರೆ ಐದು ಜನ ಆಸ್ಪತ್ರೆಗೆ. ಎದುರಾಳಿ ಹುಲ್ಲು.

ಪುಸ್ತಕದ ನಿಯಮ ಇಷ್ಟೇ: ಏಟಿನ ರೋಲ್‌ನಲ್ಲಿ 1 ಬಿದ್ದರೆ ಆ ಏಟು ತಪ್ಪುತ್ತದೆ. ಸ್ಕಿಲ್ ಚೆಕ್‌ನಲ್ಲಿ (ಗೋಡೆ ಹತ್ತುವಂಥ ಕೌಶಲದ ರೋಲ್‌ನಲ್ಲಿ) 1 ಬಿದ್ದರೆ ತಾನಾಗಿ ಸೋಲು ಎಂದೂ ಅದು ಹೇಳುವುದಿಲ್ಲ. ಮೂಲ ನಿಯಮಕ್ಕೇ ಮರಳಿ ಎಂಬುದು ನನ್ನ ಮೊದಲ ಸಲಹೆ. ಫಂಬಲ್ ಬಿಟ್ಟು ಆಡಲಾರೆ ಅನ್ನುವವರಿಗೆ ಎರಡು ದಾರಿಗಳಿವೆ. ಟರ್ನ್‌ನ ಮೊದಲ ಏಟಿಗೆ ಮಾತ್ರ ಫಂಬಲ್ ಇಡಿ. ಆಗ ಏಟು ಹೊಡೆಯುವವರೆಲ್ಲರಿಗೂ, ಯಾವ ಲೆವೆಲ್ ಆದರೂ, ಟರ್ನ್‌ಗೆ ಐದೇ ಪರ್ಸೆಂಟ್. ಇಲ್ಲವೇ 1 ಬಿದ್ದಾಗ ಅದೇ ಗುರಿಗೆ ಇನ್ನೊಮ್ಮೆ ಎಸೆಯಿಸಿ, ಅದೂ ತಪ್ಪಿದರೆ ಮಾತ್ರ ಫಂಬಲ್. 65 ಪರ್ಸೆಂಟ್ ಸಲ ಗುರಿ ಮುಟ್ಟುವವನಿಗೆ ಏಟಿಗೆ 1.75, ನಾಲ್ಕು ಏಟಿಗೆ 6.8 ಪರ್ಸೆಂಟ್ ಆಗುತ್ತದೆ. ಕೈ ಪಳಗಿದಷ್ಟೂ ಪ್ರತಿ ಏಟಿನ ಅಪಾಯ ಇಳಿಯುತ್ತದೆ, ಆದರೆ ಆಟ ನಿಧಾನವಾಗುತ್ತದೆ, ಅದನ್ನು ನೀವೇ ತೂಗಿ ನೋಡಿಕೊಳ್ಳಬೇಕು. ಎರಡರಲ್ಲೂ ಪರಿಣಾಮ ಮುಂದಿನ ಟರ್ನ್‌ಗೆ ಮುಗಿಯಲಿ.

ಫಂಬಲ್ ಅನ್ನುವುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ವಾರ್‌ಹ್ಯಾಮರ್ ಫ್ಯಾಂಟಸಿ ಎಂಬ ಇನ್ನೊಂದು ಆಟದ ನಾಲ್ಕನೇ ಆವೃತ್ತಿಯಲ್ಲಿ ನೂರರ ದಾಳದಲ್ಲಿ ಕೌಶಲಕ್ಕಿಂತ ಹೆಚ್ಚು ಬಿದ್ದು ಸೋತು, ಜೊತೆಗೆ ಎರಡೂ ಅಂಕಿ ಒಂದೇ ಆಗಿದ್ದರೆ ಫಂಬಲ್. ಕೌಶಲ 35 ಇದ್ದವನಿಗೆ 44ರಿಂದ 00ರವರೆಗೆ ಅಂಥ ಏಳು ಸಂಖ್ಯೆ, 70 ಇದ್ದವನಿಗೆ ನಾಲ್ಕೇ. ಅಲ್ಲಿ ಗಣಿತ ಪಾತ್ರದ ಪರವಾಗಿದೆ.

ಇದೇ ಲೆಕ್ಕ ಮರೆತು ಕೆಡಿಸುವ ಇನ್ನೊಂದು ಜಾಗ ಕಳ್ಳಹೆಜ್ಜೆ. ನಾಲ್ವರು, ಪ್ರತಿಯೊಬ್ಬರಿಗೂ ಗೆಲ್ಲುವ ಸಾಧ್ಯತೆ 70 ಪರ್ಸೆಂಟ್. ಎಲ್ಲರೂ ಗೆಲ್ಲಲೇಬೇಕು ಅಂದರೆ ಅದು 24ಕ್ಕೆ ಇಳಿಯುತ್ತದೆ. ಬಾಗಿಲು, ಅಂಗಳ, ಮೆಟ್ಟಿಲು ಅಂತ ಮೂರು ಕಡೆ ಕೇಳಿದಿರೋ, ಒಂದೂವರೆ ಪರ್ಸೆಂಟ್‌ಗೂ ಕಡಿಮೆ. ಆಮೇಲೆ "ನಮ್ಮ ಹುಡುಗರು ಉಪಾಯ ಮಾಡುವುದೇ ಇಲ್ಲ, ಬಾಗಿಲು ಒದ್ದೇ ಒಳಗೆ ಹೋಗುತ್ತಾರೆ" ಎಂದು ಗೇಮ್ ಮಾಸ್ಟರ್ ಬೇಸರಿಸಿಕೊಳ್ಳುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪುಸ್ತಕದಲ್ಲೇ ಗ್ರೂಪ್ ಚೆಕ್ ಇದೆ: ಅರ್ಧದಷ್ಟು ಜನ ಗೆದ್ದರೆ ಗುಂಪು ಗೆದ್ದಂತೆ. ಅದೇ ನಾಲ್ವರಿಗೆ ಆಗ ಸುಮಾರು 92 ಪರ್ಸೆಂಟ್. ಅದು ತೀರಾ ಸಲೀಸು ಅನ್ನಿಸಿದರೆ ಗುರಿಸಂಖ್ಯೆ ಏರಿಸಿ, ರೋಲ್‌ಗಳನ್ನು ಹೆಚ್ಚಿಸಬೇಡಿ. ಒಮ್ಮೆ ಎಸೆದದ್ದು ಕೋಟೆಯ ಒಳಗೆ ಸೇರುವವರೆಗೂ ನಡೆಯಲಿ. ಕಾವಲುಗಾರರು ಬದಲಾದಾಗಲೋ ಯಾರಾದರೂ ದೀಪ ಹೊತ್ತಿಸಿದಾಗಲೋ ಮತ್ತೆ ಕೇಳಿ.