ಸೀಟಿಗೊಂದು ಫೈಲು, ದುಡ್ಡಿಗೊಂದು ಫೈಲು

ಮಗಳು ಎರಡನೇ ಪಿಯುಸಿಗೆ ಬಂದಳೆಂದರೆ ಮನೆಯ ಬೀರುವಿನಲ್ಲಿ ಕಾಲೇಜು ಸೀಟಿಗೆಂದು ಒಂದು ಪ್ಲಾಸ್ಟಿಕ್ ಫೈಲು ದಪ್ಪವಾಗತೊಡಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣದ್ದೊಂದು, ಕನ್ನಡ ಮಾಧ್ಯಮದ್ದೊಂದು, ಕಲ್ಯಾಣ ಕರ್ನಾಟಕದವರಾದರೆ ಆ ಭಾಗದ ಮೀಸಲಾತಿಗೆ 371(ಜೆ) ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಇವು ಯಾರೋ ಗುಮಾಸ್ತ ಸುಮ್ನೆ ತೋಚಿದಂತೆ ಕೇಳಿದ ಕಾಗದಗಳಲ್ಲ. ಒಂದರ ಹಿಂದೆ ಆಯೋಗವಿದೆ, ಇನ್ನೊಂದರ ಹಿಂದೆ ಸುಪ್ರೀಂ ಕೋರ್ಟ್ ತೀರ್ಪಿದೆ, ಮತ್ತೊಂದರ ಹಿಂದೆ ಸಂವಿಧಾನ ತಿದ್ದುಪಡಿಯೇ ಇದೆ. ಸೇರಿಸುವಾಗ ಪ್ರತಿ ಕಾಗದಕ್ಕೂ ನ್ಯಾಯವಾದ ಕಾರಣವಿತ್ತು. ಆದರೆ ಅದನ್ನು ತಂದುಕೊಡುವ ಕೆಲಸ ಮಾತ್ರ ಪ್ರತಿ ಸಲವೂ ಅಪ್ಪ ಅಮ್ಮನ ಪಾಲಿಗೇ ಬಂತು.

ನೂರು ವರ್ಷದ ಹಿಂದೆ ಬಡ ಹುಡುಗನ ಓದಿಗೆ ಸಹಾಯ ಎಂದರೆ ವಾರಾನ್ನ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಇಲ್ಲವೇ ಮಠದ ಪ್ರಸಾದನಿಲಯ, ಇಲ್ಲವೇ ಜಾತಿ ಸಂಘದ ಹಾಸ್ಟೆಲು. ಅರ್ಜಿ ಇಲ್ಲ, ಸೀಲು ಇಲ್ಲ, ಗೊತ್ತಿರುವ ಹಿರಿಯರ ಒಂದು ಮಾತು ಸಾಕಿತ್ತು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಆ ಹಿರಿಯರ ಪರಿಚಯ ಯಾರಿಗಿತ್ತು ಎಂಬುದನ್ನೂ ಕೇಳಬೇಕು. ವಾರಾನ್ನದ ಮನೆಯ ಬಾಗಿಲು ದಲಿತ ಹುಡುಗನಿಗೆ ತೆರೆಯುತ್ತಿರಲಿಲ್ಲ. ಹಾಗಾಗಿ ಕಾಗದವನ್ನು ಬರೀ ಕಾಟ ಎಂದು ಬೈಯುವುದು ನನಗೆ ಒಪ್ಪಿಗೆಯಿಲ್ಲ. ಯಾರ ದಾಕ್ಷಿಣ್ಯವೂ ಇಲ್ಲದೆ ಹಕ್ಕಿನಿಂದ ಕೇಳುವ ದಾರಿ ಮೊದಲು ತೆರೆದದ್ದು ಕಾಗದದಿಂದಲೇ.

ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಮರುವರ್ಷ ಬಂದ ವರದಿಯ ಆಧಾರದ ಮೇಲೆ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಕ್ಕಿತು. ಬ್ರಿಟಿಷ್ ಆಡಳಿತದ ಕೊನೆಯ ವರ್ಷಗಳಲ್ಲಿ, ಡಾ. ಅಂಬೇಡ್ಕರ್ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಅದು 1944. ಈಗಿನ ಮಕ್ಕಳು ಪೋರ್ಟಲ್‌ನಲ್ಲಿ ಕ್ಲಿಕ್ ಮಾಡುವ ‘ಪೋಸ್ಟ್ ಮೆಟ್ರಿಕ್’ ಅದೇ ಯೋಜನೆ. ಅಂದರೆ ವಿದ್ಯಾರ್ಥಿವೇತನದ ಈ ದುಡ್ಡಿನ ಫೈಲು ಸೀಟಿನ ಫೈಲಿಗಿಂತ ಹಳೆಯದು.

ಸೀಟಿನ ಫೈಲು ಹುಟ್ಟಿದ್ದು ಡೊನೇಷನ್ ಗಲಾಟೆಯಿಂದ. ಕರ್ನಾಟಕದಲ್ಲಿ ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಬೇರೆ ರಾಜ್ಯಗಳಿಗಿಂತ ಮುಂಚೆಯೇ ಬೆಳೆದವು. ಜೊತೆಗೆ ಡೊನೇಷನ್ನೂ ಬೆಳೆಯಿತು. ಅದನ್ನು ತಡೆಯಲು 1984ರಲ್ಲಿ ರಾಜ್ಯ ಕಾನೂನು ಬಂತು. ಕಾನೂನಿದ್ದರೂ ಲೆಕ್ಕ ಹೇಗಿತ್ತು ನೋಡಿ: 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಖಾಸಗಿ ಕಾಲೇಜಿಗೆ ಅರ್ಜಿ ಹಾಕಿದಾಗ ಮೊದಲ ವರ್ಷದ 60,000 ಕಟ್ಟಿ, ಉಳಿದ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂಬ ಉತ್ತರ ಬಂತು. ಮನೆಯವರ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1992ರಲ್ಲಿ ಕೋರ್ಟು ಕ್ಯಾಪಿಟೇಷನ್ ಶುಲ್ಕವೇ ತಪ್ಪು ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ಕಾಲೇಜಿನ ಸೀಟುಗಳನ್ನು ಅರ್ಧರ್ಧ ಮಾಡಿತು: ಅರ್ಧ ಸರ್ಕಾರಿ ಶುಲ್ಕದ ‘ಫ್ರೀ ಸೀಟು’, ಅರ್ಧ ‘ಪೇಮೆಂಟ್ ಸೀಟು’. ಎರಡನ್ನೂ ಮೆರಿಟ್ ಪ್ರಕಾರವೇ ತುಂಬಬೇಕು.

ಮೆರಿಟ್ ಎಂದಮೇಲೆ ಎಲ್ಲರಿಗೂ ಒಂದೇ ಪರೀಕ್ಷೆ ಬೇಕಲ್ಲ? ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದಾಗ, 1994ರಲ್ಲಿ, ಸಿಇಟಿ ಸೆಲ್ ಶುರುವಾಯಿತು. ಮುಂದೆ ಅದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಆಯಿತು. ಮೇಷ್ಟರ, ರೈತರ, ಬಸ್ ಕಂಡಕ್ಟರ್‌ಗಳ ಮಕ್ಕಳು ಡೊನೇಷನ್ ಕೊಡದೆ ಎಂಜಿನಿಯರ್, ಡಾಕ್ಟರ್ ಆದದ್ದಕ್ಕೆ ಈ ವ್ಯವಸ್ಥೆಯೇ ದೊಡ್ಡ ಕಾರಣ. ಶುರುವಿನಲ್ಲಿ ಕೌನ್ಸೆಲಿಂಗ್‌ಗೆ ಬೆಂಗಳೂರಿನ ಮಲ್ಲೇಶ್ವರಕ್ಕೆ ಬರಬೇಕಿತ್ತು. ರಾತ್ರಿ ಬಸ್ಸು ಹತ್ತಿ, ಡಿಡಿ ಹಿಡಿದು, ರ‍್ಯಾಂಕ್ ಕರೆಯುವವರೆಗೆ ಕಾಯುವುದು. ಕಷ್ಟವಿತ್ತು, ನಿಜ. ಆದರೆ ಕಾಗದದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ‘ಸಾರ್, ಇದೊಂದು ನೋಡಿ’ ಎನ್ನಲು ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ.

ಆಮೇಲೆ ಕೋರ್ಟಿನ ನಿಲುವು ಬದಲಾಯಿತು. 2002ರ ಟಿ.ಎಂ.ಎ. ಪೈ ತೀರ್ಪು, 2005ರ ಇನಾಂದಾರ್ ತೀರ್ಪು ಖಾಸಗಿ ಕಾಲೇಜುಗಳಿಗೆ ತಮ್ಮ ಸೀಟು ತಾವೇ ತುಂಬುವ ಸ್ವಾತಂತ್ರ್ಯ ಜಾಸ್ತಿ ಮಾಡಿದವು. ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಹುಟ್ಟಿತು. 2017ರಿಂದ ರಾಜ್ಯದ ಮೆಡಿಕಲ್ ಸೀಟುಗಳಿಗೆಲ್ಲ ದೇಶಕ್ಕೆಲ್ಲ ಒಂದೇ ಪರೀಕ್ಷೆಯಾದ ನೀಟ್ ಕಡ್ಡಾಯವಾಯಿತು. ಮನೆಯವರಿಗೆ ಇದರ ಅರ್ಥ ಇಷ್ಟೇ: ಒಂದು ಅರ್ಜಿಯ ಜಾಗದಲ್ಲಿ ಮೂರು ಅರ್ಜಿ, ಮೂರು ಶುಲ್ಕ, ಮೂರು ಪಾಸ್‌ವರ್ಡ್.

ಈಗ ಫೈಲಿನೊಳಗಿನ ಕಾಗದಗಳಿಗೆ ಬರೋಣ. 2ಎ, 3ಬಿ ಎಂಬ ಹಿಂದುಳಿದ ವರ್ಗಗಳ ಪ್ರವರ್ಗಗಳ ಹಿಂದೆ ದೇವರಾಜ ಅರಸು 1972ರಲ್ಲಿ ನೇಮಿಸಿದ ಹಾವನೂರು ಆಯೋಗದಿಂದ ಚಿನ್ನಪ್ಪ ರೆಡ್ಡಿ ಆಯೋಗದವರೆಗಿನ ದೊಡ್ಡ ಚರ್ಚೆಯಿದೆ. ಜಾತಿಯ ಜೊತೆ ಆದಾಯವನ್ನೂ ಕಡ್ಡಾಯವಾಗಿ ನೋಡಬೇಕಾಗಿ ಬಂದದ್ದು 1992ರ ಇಂದ್ರಾ ಸಾಹ್ನಿ ತೀರ್ಪಿನ ‘ಕೆನೆಪದರ’ದಿಂದ, ಅಂದರೆ ಹಿಂದುಳಿದ ವರ್ಗದೊಳಗೇ ಮುಂದುವರಿದವರನ್ನು ಮೀಸಲಾತಿಯಿಂದ ಹೊರಗಿಡುವ ನಿಯಮದಿಂದ. 371(ಜೆ) ಪತ್ರ 2012ರ ಸಂವಿಧಾನ ತಿದ್ದುಪಡಿಯ ಕೂಸು. ಅದನ್ನು ಕೊಡುವವರು ಉಪವಿಭಾಗಾಧಿಕಾರಿ. ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬ ನಿಯಮಕ್ಕೆ ವ್ಯಾಸಂಗ ಪ್ರಮಾಣಪತ್ರ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಗಡಿನಾಡ ಕನ್ನಡಿಗರ ಮಕ್ಕಳಿಗೆ ಬೇರೆಯೇ ಪತ್ರ, ಜೊತೆಗೆ ಕೆಇಎ ನಡೆಸುವ ಕನ್ನಡ ಪರೀಕ್ಷೆ.

ಇವುಗಳಲ್ಲೆಲ್ಲ ಅಮ್ಮಂದಿರನ್ನು ಜಾಸ್ತಿ ಓಡಾಡಿಸಿದ್ದು ಗ್ರಾಮೀಣ ಕೋಟಾದ ಪತ್ರ. ನಿಯಮ ಒಳ್ಳೆಯದೇ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಆದರೆ ಹಳ್ಳಿ ಹುಡುಗ ಹತ್ತು ವರ್ಷ ಒಂದೇ ಶಾಲೆಯಲ್ಲಿ ಓದಿರುವುದು ಕಡಿಮೆ. ಐದನೇ ತರಗತಿವರೆಗೆ ಊರಿನ ಶಾಲೆ, ಆಮೇಲೆ ಎರಡು ವರ್ಷ ಅಜ್ಜಿ ಊರು, ಹೈಸ್ಕೂಲು ಹೋಬಳಿಯಲ್ಲಿ. ಮೂರೂ ಕಡೆ ಮುಖ್ಯಶಿಕ್ಷಕರು ದಾಖಲಾತಿ ರಿಜಿಸ್ಟರ್ ತೆಗೆದು ನೋಡಿ ನಮೂನೆ ತುಂಬಬೇಕು. ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಸಹಿ. ಬಿಇಒ ಮೀಟಿಂಗಿಗೆ ಹೋಗಿದ್ದರೆ ನಾಳೆ ಬನ್ನಿ. ಓದಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿದ್ದರೆ ಅದರ ರಿಜಿಸ್ಟರ್ ಯಾವ ಶಾಲೆಯಲ್ಲಿದೆ ಎಂದು ಹುಡುಕಬೇಕು. ಇಷ್ಟೆಲ್ಲ ಆದ ಮೇಲೆ ರ‍್ಯಾಂಕ್ ಮುಂದೆ ಜಿಎಂಆರ್ (ಸಾಮಾನ್ಯ ವರ್ಗ) ಅಥವಾ 2ಎಆರ್ ಎಂದು, ಗ್ರಾಮೀಣ ಎಂಬುದರ ಗುರುತಾಗಿ ಒಂದು ‘ಆರ್’ ಅಕ್ಷರ ಬಂದು ಕೂರುತ್ತದೆ. ಆ ಒಂದು ಅಕ್ಷರ ಎಷ್ಟೋ ಸಲ ಊರ ಹತ್ತಿರದ ಖಾಸಗಿ ಕಾಲೇಜಿನ ಬದಲು ಒಳ್ಳೆಯ ಸರ್ಕಾರಿ ಕಾಲೇಜು ಕೊಡಿಸಿದೆ.

ಇತ್ತೀಚಿನ ವರ್ಷಗಳಲ್ಲಿ ಈ ಓಡಾಟ ಕಡಿಮೆಯಾಗಿದೆ, ಒಪ್ಪಬೇಕು. ಮಕ್ಕಳ ಶಾಲಾ ದಾಖಲೆ ಸ್ಯಾಟ್ಸ್ ತಂತ್ರಾಂಶದಲ್ಲಿದೆ. ಜಾತಿ, ಆದಾಯ ಪತ್ರಗಳಿಗೆ ನಾಡಕಚೇರಿ ಕೊಡುವ ಆರ್‌ಡಿ ನಂಬರ್ ಹಾಕಿದರೆ ಕೆಇಎ ಕಂಪ್ಯೂಟರ್ ತಾನೇ ಕಂದಾಯ ಇಲಾಖೆಯ ದಾಖಲೆ ನೋಡುತ್ತದೆ.

ಆದರೆ ಕಂಪ್ಯೂಟರ್‌ಗೆ ‘ಇದೊಂದು ನೋಡಿ’ ಎನ್ನಲು ಆಗುವುದಿಲ್ಲ. ನಮ್ಮಲ್ಲಿ ಬಹಳ ಮಂದಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ. ಒಂದರಲ್ಲಿ ಊರಿನದ್ದೂ ಅಪ್ಪನದ್ದೂ ಸೇರಿ ಎರಡಕ್ಷರ, ಇನ್ನೊಂದರಲ್ಲಿ ಒಂದೇ. ಮಂಜುನಾಥನ ಕೊನೆಗೆ ಇಂಗ್ಲಿಷಿನ ‘ಎ’ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಮೊದಲಾದರೆ ಹೆಡ್‌ಮಾಸ್ಟರ್ ನೋಡಿ ‘ಇಬ್ಬರೂ ಒಬ್ಬನೇ’ ಎಂದು ಷರಾ ಬರೆಯುತ್ತಿದ್ದರು. ಈಗ ಹೆಸರು ಹೊಂದುತ್ತಿಲ್ಲ ಎಂದು ಕೆಂಪಕ್ಷರ ಬರುತ್ತದೆ. ಓಟಿಪಿ ಅಪ್ಪನ ಫೋನಿಗೆ ಹೋಗುತ್ತದೆ, ಅಪ್ಪ ಹೊಲದಲ್ಲಿರುತ್ತಾನೆ. ಸೈಬರ್ ಸೆಂಟರಿನ ಹುಡುಗನೇ ಊರಿನ ಹೊಸ ಶಾನುಭೋಗ. ಮನೆಯಲ್ಲೂ ಕೆಲಸ ಹಂಚಿಹೋಗಿದೆ: ತಹಶೀಲ್ದಾರ್ ಕಚೇರಿ ದಾರಿ ಅಪ್ಪನಿಗೆ ಗೊತ್ತು, ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವ ಆಪ್ಷನ್ ಎಂಟ್ರಿ ಮಗಳಿಗೆ ಗೊತ್ತು. ಸೀಟು ಬಂದಾಗ ಒಪ್ಪಿ ಸೇರುವ ಚಾಯ್ಸ್ 1, ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವ ಚಾಯ್ಸ್ 2, ಬಿಟ್ಟು ಹೋಗುವ ಚಾಯ್ಸ್ 3, ಪೂರ್ತಿ ಹೊರಬರುವ ಚಾಯ್ಸ್ 4. ಇದರಲ್ಲಿ ಯಾವುದು ಎಂಬ ಜಗಳ ಮಾತ್ರ ಇಬ್ಬರದ್ದೂ.

ಸೀಟು ಸಿಕ್ಕಿತು, ಸಿಹಿ ಹಂಚಿಯಾಯಿತು. ಎರಡನೇ ಫೈಲು ತೆರೆಯುವುದು ಆಗ. ಹೆಚ್ಚಿನ ಮನೆಗಳು ಎಡವುವುದೂ ಇಲ್ಲೇ. ಸೀಟಿಗೆ ಕೊಟ್ಟ ಜಾತಿ ಪತ್ರದಿಂದ ವಿದ್ಯಾರ್ಥಿವೇತನವೂ ತಾನಾಗಿ ಬರುತ್ತದೆ ಎಂದುಕೊಂಡಿರುತ್ತಾರೆ. ಬರುವುದಿಲ್ಲ. ಅದಕ್ಕೆ ರಾಜ್ಯದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಬೇರೆ ಅರ್ಜಿ. ಮೊದಲು ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳಿಗೆ ಒಂದೊಂದು ದಾರಿಯಿತ್ತು. ಒಂದೇ ಪೋರ್ಟಲ್‌ಗೆ ತಂದದ್ದು ದೊಡ್ಡ ಉಪಕಾರವೇ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಲೆಕ್ಕದಲ್ಲಿ ಶುರುವಾದ ವಿದ್ಯಾಸಿರಿ, 2021ರಲ್ಲಿ ರೈತರ ಮಕ್ಕಳಿಗೆ ಬಂದ ರೈತ ವಿದ್ಯಾನಿಧಿ ಎಷ್ಟೋ ಕುಟುಂಬಗಳಿಗೆ ನಿಜವಾಗಿ ಆಸರೆಯಾದವು.

ಆದರೆ ಬಡವರು ಯಾರು ಎಂಬುದಕ್ಕೆ ಒಂದೇ ಮನೆಗೆ ಬೇರೆ ಬೇರೆ ಉತ್ತರ. ಕೆನೆಪದರದ ಗೆರೆ 8 ಲಕ್ಷ. ಎಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕವಿಲ್ಲದ ಎಸ್‌ಎನ್‌ಕ್ಯೂ ಸೀಟಿಗೂ 8 ಲಕ್ಷ. ಪರಿಶಿಷ್ಟ ಜಾತಿಯ ಕೇಂದ್ರ ವಿದ್ಯಾರ್ಥಿವೇತನಕ್ಕೆ 2.5 ಲಕ್ಷ. ಶಿಕ್ಷಣ ಸಾಲದ ಪೂರ್ತಿ ಬಡ್ಡಿ ಸಹಾಯಕ್ಕೆ 4.5 ಲಕ್ಷ. ಇನ್ನು ಹಿಂದುಳಿದ ವರ್ಗಗಳ ಆದಾಯ ಪತ್ರದ ಆಯಸ್ಸು ಐದು ವರ್ಷ. ಒಂಬತ್ತನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿ ಮಧ್ಯದಲ್ಲಿ ಸತ್ತುಹೋಗುತ್ತದೆ, ನವೀಕರಣದ ಅರ್ಜಿ ನಿಲ್ಲುತ್ತದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ದುಡ್ಡು ಹರಿಯುವ ದಾರಿಯಲ್ಲಿ ಆಯಿತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ಯೋಜನೆಗೆ ಐದು ವರ್ಷಕ್ಕೆ 59,048 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ. ಮಧ್ಯೆ ಕಾಲೇಜುಗಳು ಸುಳ್ಳು ಹೆಸರು ತೋರಿಸಿ ದುಡ್ಡು ನುಂಗುವುದನ್ನು ತಡೆಯಲು ಇದು ಬೇಕಿತ್ತು. ಆದರೆ ಈಗ ಕಾಲೇಜಿಗೂ ಸರ್ಕಾರಕ್ಕೂ ನಡುವೆ ನಿಂತವರು ಅಪ್ಪ ಅಮ್ಮ. ಶುಲ್ಕ ಸೇರುವಾಗಲೇ ಬೇಕು, ವಿದ್ಯಾರ್ಥಿವೇತನ ಬರುವುದು ತಿಂಗಳುಗಳ ಮೇಲೆ. ಮಂಜೂರಾದರೂ ದುಡ್ಡು ಹೋಗುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಅರ್ಜಿ ಜೊತೆ ಪಾಸ್‌ಬುಕ್ ಕೊಟ್ಟ ಖಾತೆಗೇ ಬರಬೇಕೆಂದಿಲ್ಲ. ಎಂದೋ ತೆರೆದು ಮರೆತ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ದುಡ್ಡು ಕೂತಿರುತ್ತದೆ, ಮನೆಯವರು ಸಮಾಜ ಕಲ್ಯಾಣ ಇಲಾಖೆಯ ಬಾಗಿಲು ತಟ್ಟುತ್ತಿರುತ್ತಾರೆ.

ನಡುವಿನ ತಿಂಗಳುಗಳಿಗೆ ಹೆಚ್ಚಿನವರು ಕೈಸಾಲ ಮಾಡುತ್ತಾರೆ, ಇಲ್ಲವೇ ಒಡವೆ ಅಡ ಇಡುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅಪ್ಪ ಅಥವಾ ಅಮ್ಮ ಸಹ ಸಾಲಗಾರರಾಗಬೇಕು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನ ಕೇಳುವುದಿಲ್ಲ, ಆದರೆ ಅದು ದೇಶದ ಆಯ್ದ ಸಂಸ್ಥೆಗಳಿಗೆ (ಶುರುವಿನಲ್ಲಿ 860) ಮಾತ್ರ. ತಾಲ್ಲೂಕಿನ ಸಾಧಾರಣ ಕಾಲೇಜಿಗೆ ಹೋಗುವ ಹುಡುಗಿಗೆ ಅದು ದೂರ. ಹಾಗಾಗಿ ಸೇರುವ ದಿನವೇ ಕಾಲೇಜಿನ ಅಕೌಂಟ್ಸ್ ವಿಭಾಗದಲ್ಲಿ ಒಂದು ಪ್ರಶ್ನೆ ಕೇಳಿ: ವಿದ್ಯಾರ್ಥಿವೇತನಕ್ಕೆ ಅರ್ಹ ಮಕ್ಕಳಿಂದ ಈಗ ಎಷ್ಟು ಕಟ್ಟಿಸಿಕೊಳ್ಳುತ್ತೀರಿ, ಉಳಿದದ್ದಕ್ಕೆ ಎಲ್ಲಿಯವರೆಗೆ ಕಾಯುತ್ತೀರಿ? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಎಸ್‌ಎಸ್‌ಪಿ ಸ್ವೀಕೃತಿಯ ಒಂದು ಪ್ರತಿಯನ್ನು ಅಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿಸಿ ಸೀಲು ಒತ್ತಿಸಿಕೊಳ್ಳಿ.