ಮೈಸೂರು ವಿವಿ ಕರಗ್ತಾ ಬಂದಿದ್ದು ಹೇಗೆ?

ಹೊಸ ವಿವಿಗಳನ್ನ ಉಳಿಸ್ಬೇಕಾ ಮುಚ್ಬೇಕಾ ಅನ್ನೋ ಜಗಳ 2025ರಲ್ಲಿ ಜೋರಾಯ್ತು, ಸಂಪುಟ ಉಪಸಮಿತಿ ಒಂಬತ್ತು ವಿವಿ ಮುಚ್ಚೋ ಸಲಹೆ ಕೊಟ್ಮೇಲೆ. ಈ ಗೋಜಲು ಬಿಡಿಸೋಕೆ ಮೈಸೂರಿಂದಾನೇ ಶುರು ಮಾಡ್ಬೇಕು.

1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿವಿ, ಅದೇ ಆಸುಪಾಸಲ್ಲಿ ಸೋಪ್ ಫ್ಯಾಕ್ಟರಿ. ನಾಲ್ವಡಿಯವರು ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಓದು, ಸಂಶೋಧನೆಯಿಂದ ಉದ್ಯಮ ಬೆಳೆಸೋದಕ್ಕೆ ಜ್ಞಾನ ಆರ್ಥಿಕತೆ ಅನ್ನೋ ಪದ ಆಗ ಇರ್ಲಿಲ್ಲ ಅಷ್ಟೆ, ಕೆಲ್ಸ ಅದೇ ನಡೀತಿತ್ತು. ಆಮೇಲೆ ಮೈಸೂರು ವಿವಿಯಿಂದ 1964ಕ್ಕೆ ಬೆಂಗಳೂರು, 1980ಕ್ಕೆ ಮಂಗಳೂರು, 1987ಕ್ಕೆ ಕುವೆಂಪು ವಿವಿ ಬೇರೆ ಆದ್ವು, 1998ರಲ್ಲಿ ತಾಂತ್ರಿಕ ಶಿಕ್ಷಣಕ್ಕಂತಾನೇ ವಿಟಿಯು ಬಂದು ಇಂಜಿನಿಯರಿಂಗ್ ಕಾಲೇಜುಗಳೂ ಹೋದ್ವು. ಮಂಗಳೂರು ವಿವಿ ಇರೋ ಕೊಣಾಜೆ ಮೊದ್ಲು ಮೈಸೂರಿನ ಪಿಜಿ ಸೆಂಟರೇ ಆಗಿತ್ತು, ಆದ್ರೆ ಅದು ವಿವಿ ಆದಾಗ ಜಾಗ, ಹುದ್ದೆ ಎರಡೂ ಸಿಕ್ತು.

2023ರ ಹೊತ್ತಿಗೆ ಹಾಸನ, ಚಾಮರಾಜನಗರ, ಮಂಡ್ಯನೂ ಸ್ವಂತ ವಿವಿ ಆದ್ವು. ಹಾಸನದ ಹೇಮಗಂಗೋತ್ರಿ ಪಿಜಿ ಸೆಂಟರ್‌ನ ಬೋರ್ಡ್ ಬದಲಾಯ್ತು, ಒಳಗಿನ ಪಾಠ ಬಹುಪಾಲು ಗೆಸ್ಟ್ ಫ್ಯಾಕಲ್ಟಿ, ಅಂದ್ರೆ ಖಾಯಂ ಅಲ್ಲದ ಅತಿಥಿ ಅಧ್ಯಾಪಕರ ಮೇಲೇ ನಿಂತಿದೆ. ಹಳ್ಳಿ ಹುಡುಗೀರು ಮನೆಯಿಂದಾನೇ ಬಸ್ಸಲ್ಲಿ ಹೋಗಿ ಎಂಎಸ್ಸಿ ಮಾಡೋಕಾಯ್ತು, ಇದನ್ನ ಚಿಕ್ಕದು ಅಂತ ನಾನಂತೂ ಹೇಳಲ್ಲ. ಆದ್ರೆ ಮೈಸೂರು ವಿವಿಯ ಆಡಳಿತ ಕಚೇರಿ ಇರೋ ಕ್ರಾಫರ್ಡ್ ಹಾಲ್‌ನಲ್ಲಿ ಲೆಕ್ಕ ತಲೆಕೆಳಗಾಯ್ತು. ನಮ್ಮ ವಿವಿಗಳ ಸ್ವಂತ ಆದಾಯ ಅಂದ್ರೆ ಮುಖ್ಯವಾಗಿ ತಮ್ಮ ವ್ಯಾಪ್ತಿಯ ಕಾಲೇಜುಗಳು ಕಟ್ಟೋ ಅಫಿಲಿಯೇಶನ್ ಫೀಸು, ಪರೀಕ್ಷಾ ಫೀಸು. ಕಾಲೇಜು ಹೋದ್ರೆ ದುಡ್ಡೂ ಹೋಗತ್ತೆ, ನಿವೃತ್ತರು ಮಾತ್ರ ಹಳೇ ವಿವಿ ಪಾಲಿಗೇ ಉಳೀತಾರೆ, ಈಗ ಪಿಂಚಣಿಗೂ ಒದ್ದಾಡೋ ಸ್ಥಿತಿ.

ದುಡ್ಡಿಲ್ಲ ಅಂದಾಗ ಮೊದ್ಲು ನಿಲ್ಲೋದು ಖಾಯಂ ನೇಮಕಾತಿ, ಅಲ್ಲಿಂದ ಒಂದಕ್ಕೊಂದು ಕೊಂಡಿ. ವಿವಿಗಳಿಗೆ ನಿಯಮ ಮಾಡೋ ಕೇಂದ್ರದ ಯುಜಿಸಿ ಪ್ರಕಾರ ಪಿಎಚ್‌ಡಿ ಗೈಡ್ ಆಗೋಕೆ ಖಾಯಂ ಅಧ್ಯಾಪಕರೇ ಆಗಿರ್ಬೇಕು, ಒಬ್ಬ ಪ್ರೊಫೆಸರ್ ನಿವೃತ್ತಿ ಆದ್ರೆ ಅವ್ರ ಜೊತೆ ಸಂಶೋಧನಾ ಸೀಟುಗಳೂ ಹೋದ್ವು ಅಂತಾನೇ ಲೆಕ್ಕ, ಸಂಶೋಧಕರು ಇಲ್ದಿದ್ರೆ ಪ್ರಾಜೆಕ್ಟ್ ಬರಲ್ಲ, ಪ್ರಾಜೆಕ್ಟ್ ಇಲ್ದಿದ್ರೆ ಕಂಪನಿಯವ್ರು ಆ ಲ್ಯಾಬ್ ಬಾಗಿಲಿಗೆ ಯಾಕೆ ಬರ್ತಾರೆ?

ನನ್ನ ಪರಿಚಯದವ್ರೊಬ್ರು ಒಂದು ವಿವಿಯಲ್ಲಿ ಹದಿನಾಲ್ಕು ವರ್ಷದಿಂದ ಗೆಸ್ಟ್ ಆಗಿ ಕೆಮಿಸ್ಟ್ರಿ ಹೇಳ್ಕೊಡ್ತಾರೆ, ಪಿಎಚ್‌ಡಿ ಇದೆ, ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಆಗಿದೆ. ಕಳೆದ ಸಲ ಹೋದಾಗ ಲ್ಯಾಬ್ ಮೂಲೇಲಿ ಒಂದು ಮಷೀನ್‌ಗೆ ಹಳೇ ಬೆಡ್‌ಶೀಟ್ ಹೊದಿಸಿದ್ರು, ಸರ್ವಿಸ್ ಕಾಂಟ್ರಾಕ್ಟ್ ಮುಗಿದು ವರ್ಷಗಳೇ ಆಗಿದ್ವಂತೆ. ಫೈಲ್ ಕಳ್ಸಿದ್ದಾರೆ, ಹಂಗಾಮಿ ಕುಲಪತಿಗಳಿಗೆ ಅಷ್ಟು ಮೊತ್ತ ಮಂಜೂರು ಮಾಡೋಕೆ ಧೈರ್ಯ ಇಲ್ಲ, ಖಾಯಂ ಕುಲಪತಿ ಬರ್ಲಿ ಅಂತ ವಾಪಸ್ ಬಂತು. ಬೆಡ್‌ಶೀಟ್ ಅವ್ರ ಮನೇದೇ.

ಅದೇ ಮೈಸೂರಲ್ಲಿ ಇನ್ಫೋಸಿಸ್ ಹೊಸದಾಗಿ ಸೇರಿದವ್ರಿಗೆ ತಿಂಗಳುಗಟ್ಲೆ ಪಾಠ ಮಾಡೋಕೇ ಒಂದು ಕ್ಯಾಂಪಸ್ ಕಟ್ಕೊಂಡಿದೆ.

ಈಗಿನ ಚರ್ಚೆ ಪೂರ್ತಿ ಕಾಲೇಜುಗಳು ಯಾರ ಕೈಲಿ ಇರ್ಬೇಕು ಅನ್ನೋದ್ರ ಸುತ್ತಾನೇ ಸುತ್ತುತ್ತಿದೆ. ಹೊಸ ವಿವಿಗಳು ಹಳೇ ವಿವಿಯಲ್ಲಿ ವಿಲೀನ ಆದ್ರೆ ಫೀಸು ವಾಪಸ್ ಬರಬಹುದು. ಖಾಲಿ ಹುದ್ದೆ ತುಂಬೋಕೆ ಅದಾದ್ಮೇಲೂ ಬೇರೆಯಾಗೇ ಆರ್ಥಿಕ ಇಲಾಖೆ ಒಪ್ಪಿಗೆ ಬೇಕು.