ಟಾರ್ಗೆಟ್ ಏರಿಸಿದರೆ ಹಳೇ ಫೋನ್ ಕೈಬಿಡುತ್ತದೆಯೇ?

‘ಸಾರ್, ಟಾರ್ಗೆಟ್ ಎಸ್‌ಡಿಕೆ ಮಾತ್ರ ಏರಿಸಬೇಡಿ. ನಮ್ಮ ಗ್ರಾಹಕರಲ್ಲಿ ಹಳೇ ಫೋನ್ ಇರೋರೇ ಜಾಸ್ತಿ.’ ಆಂಡ್ರಾಯ್ಡ್ ಆ್ಯಪ್ ನಡೆಸುವವರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಸ್‌ಡಿಕೆ ಸಂಖ್ಯೆ ಅಂದರೆ ಆಂಡ್ರಾಯ್ಡ್‌ನ ಒಂದೊಂದು ಆವೃತ್ತಿಗೂ ಇರುವ ಸಂಖ್ಯೆ; ಆ್ಯಪ್ ಬರೆಯುವವರು ಅದನ್ನು ಮಿನ್, ಟಾರ್ಗೆಟ್ ಅಂತ ಬೇರೆ ಬೇರೆಯಾಗಿ ನಮೂದಿಸುತ್ತಾರೆ. ಗ್ರಾಹಕರ ಮೇಲಿನ ಕಾಳಜಿ ಸರಿ. ಆದರೆ ಹೆದರಬೇಕಾದ ಸಂಖ್ಯೆ ಅದಲ್ಲ.

ಹಳೇ ಫೋನನ್ನು ಹೊರಗಿಡುವುದು ಮಿನ್ ಎಸ್‌ಡಿಕೆ, ಅಂದರೆ ಆ್ಯಪ್ ಒಪ್ಪುವ ಕನಿಷ್ಠ ಆವೃತ್ತಿ. ಅದು 23 ಇದ್ದರೆ ಆಂಡ್ರಾಯ್ಡ್ 6 ಮತ್ತು ಅದಕ್ಕಿಂತ ಹೊಸ ಫೋನ್‌ಗಳಲ್ಲಿ ಆ್ಯಪ್ ಇನ್‌ಸ್ಟಾಲ್ ಆಗುತ್ತದೆ, ಹಳೆಯದರಲ್ಲಿ ಇಲ್ಲ. ಟಾರ್ಗೆಟ್ ಬೇರೆಯೇ. ‘ಇಂಥ ಆವೃತ್ತಿಯವರೆಗಿನ ನಿಯಮ ನನಗೆ ಗೊತ್ತು, ಅದರಂತೆ ನಡೆಸಿಕೊಳ್ಳಿ’ ಅಂತ ಆ್ಯಪ್ ಫೋನಿಗೆ ಕೊಡುವ ಮಾತು ಅದು. ಹಳೇ ಫೋನಿಗೆ ಆ ಹೊಸ ನಿಯಮವೇ ಗೊತ್ತಿಲ್ಲ, ಇನ್ನು ಜಾರಿ ಮಾಡೋದೆಲ್ಲಿ? ಇನ್ನೊಮ್ಮೆ ಹೇಳುತ್ತೇನೆ: ಮಿನ್ 23, ಟಾರ್ಗೆಟ್ 33 ಅಂತ ಬರೆದರೆ ಎರಡಕ್ಕೂ ಜಗಳವೇನಿಲ್ಲ.

ಟಾರ್ಗೆಟ್ ಏರಿಸಿದಾಗ ಪೆಟ್ಟು ಬೀಳುವುದು ಹೊಸ ಫೋನಿಗೆ. ಒಮ್ಮೆ ಒಂದು ತಂಡ ಟಾರ್ಗೆಟ್ ಅನ್ನು 25ರಿಂದ 26ಕ್ಕೆ (ಅದು ಆಂಡ್ರಾಯ್ಡ್ 8ರ ಸಂಖ್ಯೆ) ಏರಿಸಿ ಸುಮ್ನೆ ರಿಲೀಸ್ ಮಾಡಿತು. ಮೇಜಿನ ಮೇಲೆ ಎರಡು ಫೋನ್ ಇಟ್ಟುಕೊಂಡು ಕೂತೆವು. ಆಂಡ್ರಾಯ್ಡ್ 7ರಲ್ಲಿ ನೋಟಿಫಿಕೇಶನ್ ಟಿಂಗ್ ಅಂತ ಬರುತ್ತಿದೆ. 8ರಲ್ಲಿ ಸದ್ದೇ ಇಲ್ಲ. ಸರ್ವರ್ ಮಾತ್ರ ‘ಕಳಿಸಿದ್ದೇನೆ’ ಅನ್ನುತ್ತಿತ್ತು. ಟಾರ್ಗೆಟ್ 26 ಆದಮೇಲೆ ಆಂಡ್ರಾಯ್ಡ್ 8ರಲ್ಲಿ ನೋಟಿಫಿಕೇಶನ್‌ಗೆ ಚಾನೆಲ್ (ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸುವ ಗುಂಪು) ಬೇಕೇಬೇಕು. ಇವರು ಚಾನೆಲ್ ಮಾಡಿರಲಿಲ್ಲ.

ಅವಸರದಲ್ಲಿ ಚಾನೆಲ್ ಸೇರಿಸಿದರು. ಈಗ 7ರಲ್ಲಿ ಆ್ಯಪ್ ತೆರೆದ ತಕ್ಷಣ ಕ್ರ್ಯಾಶ್! ಚಾನೆಲ್ ಅನ್ನುವ ಕ್ಲಾಸೇ, ಅಂದರೆ ಆ ಕೆಲಸದ ಕೋಡೇ, ಆ ಫೋನಿನಲ್ಲಿಲ್ಲ ನೋಡಿ. ಕಂಪೈಲ್ ಎಸ್‌ಡಿಕೆ, ಅಂದರೆ ಆ್ಯಪ್ ಕಟ್ಟುವಾಗ ಬಳಸುವ ಆವೃತ್ತಿ, ಹೊಸದು, ಹಾಗಾಗಿ ಕಂಪೈಲರ್ ತಕರಾರು ಮಾಡಲಿಲ್ಲ. ಕೋಡಿನ ತಪ್ಪು ತೋರಿಸುವ ಲಿಂಟ್ ಕೆಂಪು ಗೆರೆ ಎಳೆದಿತ್ತು, ಯಾರೋ ಅದರ ಬಾಯಿ ಮುಚ್ಚಿಸಿದ್ದರು. (ಐಫೋನ್ ಕಡೆ ಸ್ವಿಫ್ಟ್ ಕಂಪೈಲರ್ ಇದಕ್ಕೆ ಬಗ್ಗುವುದಿಲ್ಲ. ಅವೈಲಬಲ್ ಚೆಕ್, ಅಂದರೆ ಫೋನಿನ ಆವೃತ್ತಿಯಲ್ಲಿ ಆ ಸೌಲಭ್ಯ ಇದೆಯೇ ಅನ್ನುವ ಪರೀಕ್ಷೆ, ಇಲ್ಲದಿದ್ದರೆ ಬಿಲ್ಡೇ ಆಗದು.) ‘ಫೋನ್ 26 ಅಥವಾ ಮೇಲಿದ್ದರೆ ಮಾತ್ರ ಚಾನೆಲ್ ಮಾಡು’ ಅನ್ನುವ ಒಂದು ಇಫ್ ಷರತ್ತು ಸಾಕಾಗಿತ್ತು. ಆ ಇಫ್ ಅನ್ನೂ ಇಪ್ಪತ್ತು ಸ್ಕ್ರೀನ್‌ಗಳಲ್ಲಿ ಚೆಲ್ಲಬೇಡಿ, ನೋಟಿಫಿಕೇಶನ್ ಕೆಲಸಕ್ಕೆಂದೇ ಒಂದು ಕ್ಲಾಸ್ ಮಾಡಿ ಅದರೊಳಗೆ ಇಡಿ.

ಹಳೇ ಫೋನಿನ ಗ್ರಾಹಕರು ಕೈಬಿಟ್ಟು ಹೋಗುತ್ತಾರೆ ಅನ್ನುವ ಹೆದರಿಕೆ ಪೂರ್ತಿ ಸುಳ್ಳು ಅಂತಲೂ ನಾನು ಹೇಳಲಾರೆ. ಕೆಲವು ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹೊಸ ಆವೃತ್ತಿ ಹಾಕಿದರೆ ಅವು ಮಿನ್ ಅನ್ನೇ ಏರಿಸಿ ಅಂತ ಹಟ ಹಿಡಿಯುತ್ತವೆ. ಅಂಥ ದಿನ ಮೊದಲು ಪ್ಲೇ ಕನ್ಸೋಲ್ (ಆ್ಯಪ್ ಮಾಡಿದವರಿಗೆ ಗೂಗಲ್ ಕೊಡುವ ಲೆಕ್ಕದ ಪುಟ) ತೆರೆದು, ಎಷ್ಟು ಜನ ಹೊರಗುಳಿಯುತ್ತಾರೆ ಅಂತ ಎಣಿಸಿ. ಆಗ ನನಗೆ ಫೋನ್ ಮಾಡಿ, ಬೈಯುವುದಿಲ್ಲ.